ಹರಾಜಿಗೆ ಹೋದ ಹಾಲವ್ವನ ಹೆಸರು

ಕಲ್ಲು ಹಿಂದಿನ ಗಾಜಿಗೆ ಬಿತ್ತು... ಫಟ್!

ಬಂಕಾಪುರ ದಾಟಿ ಹಾನಗಲ್ ರಸ್ತೆಗೆ ಕಾರು ಹೊರಳಿಸಿದ್ದೆ. ಬೆನ್ನಿಗೆ ಆರೇಳು ಬೈಕು. ಎಲ್ಲದರ ಮೇಲೂ ಮದುವೆ ವಯಸ್ಸು ಮೀರುತ್ತಿರುವ ಗಂಡುಗಳು.

"ಕನ್ಯಾ ಎಲ್ಲೈತಿ ತೋರ್ಸಲೇ ಮಗನ!"

ಹಿಂದಿನ ಸೀಟಿನಡಿ ಶಿಗ್ಗಾಂವಿಯ ಮಹಾಂತೇಶ ಮುದುರಿ ಮಲಗಿದ್ದ. ಬೆವರಿಗೆ ಅಂಗಿ ತೊಯ್ದು ತೊಪ್ಪೆಯಾಗಿತ್ತು.

"ಜೋರ್ ಹೊಡೀರಿ ಅಕ್ಕಾರ! ಕೈ ಮುಗಿತೇನ್ರಿ!"

"ಹೊಡ್ಯಾಕತ್ತೇನಿ. ತೆಲಿ ತಗ್ಗಿಸು!"

ನಾನು ಸುಧಾರಾಣಿ. ಹಾನಗಲ್‌ನಲ್ಲಿ ಸಣ್ಣ ಆಫೀಸು. ಹ್ಯಾಕ್ ಆದ ವೆಬ್‌ಸೈಟು, ಕದ್ದ ಅಕೌಂಟು, ಬ್ಲ್ಯಾಕ್‌ಮೇಲು... ಇವನ್ನೆಲ್ಲ ದಾರಿಗೆ ತರುವುದು ನನ್ನ ಕಸುಬು. ತೊಂದರೆಗೆ ಸಿಕ್ಕವರು ನನಗೇ ಫೋನ್ ಮಾಡುತ್ತಾರೆ. ಮಹಾಂತೇಶನೂ ಮಾಡಿದ. ನಾನು ಯಾರ ಮಗಳೆಂದು ಕೇಳಲಿಲ್ಲ.

ಕೇಳಬೇಕಿತ್ತು!

ಅವನ ದಂಧೆ ಹೇಳುತ್ತೇನೆ, ಕೇಳಿ. ವೆಬ್‌ಸೈಟಿನ ಹೆಸರನ್ನು ಕಾಲಕಾಲಕ್ಕೆ ರಿನ್ಯೂ ಮಾಡಬೇಕು. ಮರೆತರೆ ಅದನ್ನು ಹರಾಜಿಗಿಡುತ್ತಾರೆ. ಅಂಥ ಹೆಸರುಗಳ ಮೇಲೆ ಇವನದು ಹದ್ದಿನ ಕಣ್ಣು. ಹಂಸಭಾವಿಯ ನನ್ನಣ್ಣ ಮಾಲತೇಶ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ, ಅವನ 'ಹಾಲವ್ವ ಸೀಡ್ಸ್' ಹೆಸರನ್ನು ಇವನು ಹೀಗೇ ಹಾರಿಸಿಕೊಂಡ. ಅದೇ ಚಿತ್ರ, ಅದೇ ಬಣ್ಣ ಹಾಕಿ ಕೆಟ್ಟ ಟೊಮೆಟೊ ಬೀಜ ಮಾರಿದ. ಗಿಡ ಎದೆಯೆತ್ತರ ಬಂತು. ಕಾಯಿ ಬರಲಿಲ್ಲ. ರೈತರು ಅಣ್ಣನ ಅಂಗಡಿಗೆ ನುಗ್ಗಿದರು.

ಹಾಲವ್ವ ನನ್ನ ಅವ್ವ. ಬಲೆಯ ಚಪ್ಪರದಡಿ ಕೂತು, ಹೂವಿಗೆ ಹೂವು ಮುಟ್ಟಿಸಿ ಬೀಜ ಕಟ್ಟಿದವಳು. ಅವಳ ಮುಖಕ್ಕೇ ಜನ ಉಗಿದರು. ಅಂದಿನಿಂದ ಅವ್ವ ಮನೆಯಿಂದ ಹೊರಬಿದ್ದಿಲ್ಲ. ಪೊಲೀಸ್ ಠಾಣೆಯಲ್ಲಿ ವಿಚಾರಿಸಿದರೆ, "ಹರಾಜಿನ್ಯಾಗ ಕೊಂಡಾನ, ಅವಂದ ಅದು" ಎಂದರು.

ಸರಿ... ಹರಾಜಿನಲ್ಲೇ ಹಿಡಿಯೋಣ ಎಂದುಕೊಂಡೆ!

ಅಷ್ಟರಲ್ಲಿ ಇನ್ನೊಂದು ಹೆಸರು ಹರಾಜಿಗೆ ಬಂತು. ಇಲ್ಲದ ಹುಡುಗಿಯರ ಫೋಟೊ ತೋರಿಸಿ, ಸವಣೂರು ಸುತ್ತಿನ ಗಂಡುಗಳಿಗೆ ಟೋಪಿ ಹಾಕಿ ಮಾಯವಾದ ವಧು-ವರರ ಸೈಟು. ಮೋಸಹೋದ ಅಂಬರೀಶ ಕಳ್ಳನನ್ನು ಹುಡುಕಿಕೊಡಿ ಎಂದು ನನ್ನ ಬಳಿಗೇ ಬಂದಿದ್ದ. ಅವನೂ ಅವನಂಥವರೂ ದಿನಾ ಆ ಪುಟ ತೆರೆದು ನೋಡುತ್ತಾರೆ, ಕಳ್ಳ ಮತ್ತೆ ಬಂದನೇ ಎಂದು.

ಮಹಾಂತೇಶ ಎಷ್ಟು ಜನ ನೋಡುತ್ತಾರೆಂದು ನೋಡಿದ. ಯಾಕೆ ನೋಡುತ್ತಾರೆಂದು ವಿಚಾರಿಸಲಿಲ್ಲ. ನಾನು ಎದುರು ಬಿಡ್ ಹಾಕಿದೆ. ಹಠಕ್ಕೆ ಬಿದ್ದು ಅವನೇ ಕೊಂಡ!

ಬೇರೆ ಕಡೆಯವರಾದರೆ ಮುಖ ಮುಚ್ಚಿಕೊಂಡು ವ್ಯಾಪಾರ ಮಾಡುತ್ತಾರೆ. ನಮ್ಮವರಿಗೆ ಫ್ಲೆಕ್ಸ್ ಇಲ್ಲದ ಉದ್ಘಾಟನೆ ಉಂಟೇ? ಮೊದಲ ಪುಟದಲ್ಲೇ ಶಾಲು ಹೊದ್ದು ಕೈಮುಗಿದ ಇವನ ಫೋಟೊ. ಮೊಬೈಲ್ ನಂಬರು. ಆಫೀಸಿನ ವಿಳಾಸ. ಮೇಲೆ ದಪ್ಪಕ್ಷರದಲ್ಲಿ... 'ಮತ್ತೆ ನಿಮ್ಮ ಸೇವೆಗೆ!' ಮೋಸಹೋದ ಗಂಡುಗಳು ಸೀದಾ ಆ ವಿಳಾಸಕ್ಕೇ ಬಂದರು!

"ಮೋಸ ಮಾಡಿದಾವ್ರು ಬ್ಯಾರೇರ ಅದಾರ್ರೀ! ನಾ ಮೊನ್ನೆ ಕೊಂಡೇನಿ!" ಸೀಟಿನಡಿಯಿಂದ ಅಳುತ್ತಿದ್ದ.

"ಅದನ್ನ ಅವ್ರಿಗೆ ಹೇಳು. ಇಳಸ್ಲೇನು?"

"ಬ್ಯಾಡ್ರೀ!"

ಹಾನಗಲ್ ಪೇಟೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನುಸುಳಿದೆ. ಬೈಕುಗಳು ಹಿಂದುಳಿದವು. ಮುಂದೆ ಎಲ್ಲೂ ನಿಲ್ಲಿಸಲಿಲ್ಲ. ಅಣ್ಣನ ಅಂಗಡಿಯ ಮುಂದೆಯೇ ಬ್ರೇಕ್ ಒತ್ತಿದೆ. ನಾನು ಮೊದಲೇ ಫೋನ್ ಮಾಡಿ ಕರೆಸಿದ್ದ ರೈತರು ನೆರೆದಿದ್ದರು.

"ಇದ್ಯಾವ ಊರ್ರೀ?"

"ಹಂಸಭಾವಿ. ನಾ ಹಾಲವ್ವನ ಮಗಳು."

ಅವನು ಮತ್ತೆ ಸೀಟಿನಡಿ ತೂರಲು ನೋಡಿದ.

"ಫೋನ್ ತಗಿ. ನಮ್ಮವ್ವನ ಹೆಸರು ಅಣ್ಣನ ಅಕೌಂಟಿಗೆ ಹಾಕು. ಆಮ್ಯಾಲ ಇವರ ಮುಂದ ಖರೇ ಹೇಳು!"

ಫೋನ್ ತೆಗೆದು ಒತ್ತಿದ. ಅಣ್ಣನ ಫೋನು ಟಿಂಗ್ ಎಂದಿತು. ಆಮೇಲೆ ಎಲ್ಲವನ್ನೂ ಒಪ್ಪಿಕೊಂಡ. ಹಿರಿಯ ರೈತ ಉಡಚಪ್ಪ ತಲೆಯ ಪಟಗ ಕಳಚಿ ಅಂಗಡಿ ಹಿಂದಿನ ನಮ್ಮ ಮನೆಯ ಬಾಗಿಲಿಗೆ ಹೋದ.

"ತಪ್ಪಾತು ಹಾಲವ್ವಕ್ಕ. ಹೊರಗ ಬಾ ನಮ್ಮವ್ವ."

ಅವ್ವ ಬಂದಳು. ನನಗೆ ಅಳು ಬಂತು. ಕಣ್ಣು ಒರೆಸಿಕೊಂಡೆ.

ದೂರದಲ್ಲಿ ಬೈಕುಗಳ ಸದ್ದು. ಹಾನಗಲ್‌ನಲ್ಲೇ ಅಂಬರೀಶನಿಗೆ ಈ ಅಂಗಡಿಯ ಲೊಕೇಶನ್ ಕಳಿಸಿದ್ದೆ!

ಮಹಾಂತೇಶ ನನ್ನ ಕಾಲಿಗೆ ಬಿದ್ದ. "ಆ ಕನ್ಯಾದ ಸೈಟೂ ನೀವ ತಗೋರಿ ಅಕ್ಕಾರ... ಪುಕ್ಕಟೆ!"

ನಾನು ಕಾರಿನ ಬಾಗಿಲು ಲಾಕ್ ಮಾಡಿದೆ.

"ಬ್ಯಾಡಪಾ. ಹರಾಜಿನ್ಯಾಗ ಕೊಂಡಿ, ನಿಂದ ಅದು... ರಿನ್ಯೂ ಮಾಡೂದು ಮರೀಬ್ಯಾಡ!"