ಗಿರಣಿ ಓಬಳೇಶ ಹೇಳಿದ ಚಾಡಿ

"ಬಾಯಿ ಜೋರು ಅಂದ್ಯಾ? ಫೋನ್ ಮಾಡಿದ ಆಯಮ್ಮನ ಹತ್ರ ನನ್ನ ಬಾಯಿ ಜೋರು ಅಂತ ಹೇಳಿದ್ಯೇನೋ?"

ಬೀದಿಯಲ್ಲಿ ಸುದ್ದಿ ಕೇಳಿ ಕಾಳಿನ ಡಬ್ಬ ಹಿಡಿದೇ ನುಗ್ಗಿದ ತೇಜಶ್ರೀಯ ಕೂಗಿನ ಮುಂದೆ ಹಿಟ್ಟಿನ ಗಿರಣಿಯ ಸದ್ದೂ ಸಣ್ಣದಾಯಿತು. ಓಬಳೇಶ ಮೋಟಾರು ಆರಿಸಿದ. ತಲೆ, ಹುಬ್ಬು, ರೆಪ್ಪೆ ಎಲ್ಲ ಜೋಳದ ಹಿಟ್ಟು. ಆ ಬಿಳಿ ಮುಖದಲ್ಲಿ ಕಣ್ಣೆರಡೇ ಕಪ್ಪಗೆ ಮಿಟುಕಿದವು.

"ಅಂದೆ. ಅದ್ರಾಗೆ ಸುಳ್ಳೇನೈತೆ? ಈಗ ಮಾಡ್ತಿರೋದೇನು ಮತ್ತೆ?"

"ಇನ್ನೇನಂದೆ?"

"ಯಾರ ಮಾತೂ ಕೇಳಲ್ಲ ಅಂದೆ. ಬಸ್ ತಪ್ಪಿದ್ರೆ ಲಾರಿ ಹತ್ತಿಯಾದ್ರೂ ಒಬ್ಳೇ ಊರು ಸೇರ್ತಾಳೆ ಅಂದೆ. ಗಂಡಸ್ರ ಎದುರಿಗೆ ಕುರ್ಚಿ ಎಳ್ಕೊಂಡು ಕೂತ್ಕೊತಾಳೆ ಅಂದೆ. ಅನ್ನ ತಳ ಹತ್ತಿಸ್ತಾಳೆ ಅಂತಾನೂ ಅಂದೆ. ಸಾಕಾ?"

ರಾಗಿ ಚೀಲದ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದ ಪಾತಮ್ಮಜ್ಜಿ ತಲೆ ಎತ್ತಿದಳು. "ಮುದ್ದೆ ಗಂಟು ಕಟ್ಟೋದು ಹೇಳ್ಲಿಲ್ಲೇನಪ್ಪಾ?"

"ಅಜ್ಜೀ, ನೀನು ಸುಮ್ನಿರು!"

ಹಾಗೆ ರೇಗಿದ ತೇಜಶ್ರೀಯ ದನಿ ನಡುವೆಯೇ ಒಡೆಯಿತು. ಕಣ್ಣು ತುಂಬಿ ಬಂದವು.

ಓಬಳೇಶ ಗಾಬರಿಯಾದ. ಜಗಳವಾಡುವ ತೇಜಶ್ರೀ ಅವನಿಗೆ ಚಿಕ್ಕಂದಿನಿಂದ ಗೊತ್ತು. ಅಳುವ ತೇಜಶ್ರೀ ಗೊತ್ತಿರಲಿಲ್ಲ.

"ಅದು ಗಂಡಿನ ಕಡೆಯವರ ಫೋನಲ್ಲ ಕಣೋ... ನನ್ನ ಕೆಲಸದ್ದು!"

ಬಿ.ಜಿ. ಕೆರೆಯಲ್ಲಿ ಹೆಣ್ಣು ನೋಡುವವರು ನೇರವಾಗಿ ಹೆಣ್ಣಿನ ಮನೆಗೆ ಹೋಗುವುದಿಲ್ಲ. ಮೊದಲು ಬಸ್ ಸ್ಟಾಪಿನ ಪಕ್ಕದ ಗಿರಣಿಗೆ ಬರುತ್ತಾರೆ. ಎಲ್ಲ ಮನೆಯ ಕಾಳೂ ಅಲ್ಲಿಗೆ ಬರಲೇಬೇಕು, ಕಾಳಿನ ಜೊತೆ ಮನೆಯ ಸಂಗತಿಯೂ ಬರುತ್ತದೆ. "ಹುಡುಗಿ ಹೆಂಗಪ್ಪಾ?" ಎಂದು ಕೇಳುತ್ತಾರೆ. "ಬಂಗಾರದಂಥವಳು, ತಲೆ ಎತ್ತಿ ಮಾತಾಡಲ್ಲ" ಎಂದರೆ ಮುಂದಿನ ಮಾತು. "ಸ್ವಲ್ಪ ಬಾಯಿ ಜೋರು" ಎಂದರೆ ಅದೇ ಬಸ್ಸಿಗೆ ವಾಪಸ್. ಈಚೆಗೆ ದೂರದವರು ಫೋನಿನಲ್ಲೇ ಕೇಳುತ್ತಾರೆ. ಗಿರಣಿಯವನ ಮಾತಿಗೆ ಅಷ್ಟು ತೂಕ!

ತೇಜಶ್ರೀ ಮೊಳಕಾಲ್ಮೂರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಅತಿಥಿ ಶಿಕ್ಷಕಿ. ಪ್ರತಿ ಬೇಸಿಗೆಗೂ ಕೆಲಸ ಹೋಗುತ್ತದೆ, ಮುಂದಿನ ವರ್ಷ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾಂಬೋಡಿಯಾದ ಹಳ್ಳಿ ಶಾಲೆಗಳಿಗೆ ಇಂಗ್ಲಿಷ್ ಮೇಷ್ಟ್ರುಗಳನ್ನು ಕಳಿಸುವ ಒಂದು ಸಂಸ್ಥೆಗೆ ಅವಳು ಅರ್ಜಿ ಹಾಕಿದ್ದಳು. ಪಾಠ ಮಾಡಿ ವಿಡಿಯೋ ಕಳಿಸಿದ್ದಳು. ಸಂದರ್ಶನವೂ ಮುಗಿದಿತ್ತು. ಉಳಿದದ್ದು ಒಂದೇ. ಅಭ್ಯರ್ಥಿಯನ್ನು ಚಿಕ್ಕಂದಿನಿಂದ ಬಲ್ಲ, ನೆಂಟರಲ್ಲದ ಒಬ್ಬರ ಜೊತೆ ಅವರು ಮಾತಾಡಬೇಕು.

ಅವಳು ಕೊಟ್ಟದ್ದು ಓಬಳೇಶನ ನಂಬರು!

"ಯಾರೋ ಸೌಂದರ್ಯ ಅಂತ, ಬೆಂಗಳೂರಿಂದ. ಹುಡುಗಿ ಸ್ವಭಾವ ಹೆಂಗೆ, ಹೊರದೇಶದಾಗೆ ಹೊಂದ್ಕೊತಾಳಾ ಅಂದ್ರು. ಗಂಡು ಹೊರದೇಶದಾಗೈತೆ ಅನ್ಕಂಡೆ." ಓಬಳೇಶ ಹಣೆ ಒರೆಸಿಕೊಂಡ. ಹಿಟ್ಟು ಹಿಟ್ಟಿನ ಮೇಲೇ ಮೆತ್ತಿತು. "ನಂಗ್ಯಾಕೆ ಮೊದ್ಲೇ ಹೇಳ್ಲಿಲ್ಲ ನೀನು?"

ಅವಳಾದರೂ ಹೇಗೆ ಹೇಳುವುದು? 'ಹೋಗಬೇಡ ಅಂತ ನೀನೊಂದು ಮಾತು ಅಂದಿದ್ರೆ ನಾನು ಅರ್ಜಿಯೇ ಹಾಕ್ತಿರ್ಲಿಲ್ಲ' ಎಂದೇ?

ಅಷ್ಟರಲ್ಲಿ ಇನ್ನೊಂದು ಯೋಚನೆ ಅವಳಿಗೆ ಹೊಳೆಯಿತು.

"ತಡಿ. ಗಂಡಿನ ಕಡೆಯವರು ಅನ್ಕೊಂಡು ಇಷ್ಟೆಲ್ಲಾ ಚಾಡಿ ಹೇಳಿದೀಯಾ ಅಂದ್ರೆ... ಹಿರಿಯೂರಿನೋರು ತಿರುಗಿ ಬರ್ಲಿಲ್ವಲ್ಲ, ಅದೂ ನೀನೇನಾ?"

ಓಬಳೇಶ ಗಿರಣಿಯ ಬೆಲ್ಟು ಸರಿಮಾಡತೊಡಗಿದ. ಬೆಲ್ಟು ಸರಿಯಾಗಿಯೇ ಇತ್ತು.

"ರಾಯದುರ್ಗದೋರಿಗೆ ತೆಲುಗಲ್ಲೇ ಹೇಳ್ದ ಕಣೇ," ಎಂದಳು ಪಾತಮ್ಮಜ್ಜಿ. "'ಅಮ್ಮಾಯಿಕಿ ಕೋಪಂ ಎಕ್ಕುವ', ಹುಡುಗೀಗೆ ಸಿಟ್ಟು ಜಾಸ್ತಿ ಅಂತ. ನಾನೇ ಕೇಳಿಸ್ಕಂಡೆ."

"ಥೂ! ನೀನು ಮನುಷ್ಯನೇನೋ?" ತೇಜಶ್ರೀ ಕಾಳಿನ ಡಬ್ಬವನ್ನು ನೆಲಕ್ಕೆ ಕುಕ್ಕಿದಳು. "ಆ ಗಂಡುಗಳು ನನಗೂ ಬೇಕಿರ್ಲಿಲ್ಲ. ಆದ್ರೆ ನಮ್ಮವ್ವ ಎಷ್ಟು ಅತ್ತಳು ಗೊತ್ತಾ? ನನ್ನಾಗೆ ಏನೋ ಊನ ಐತೆ ಅಂತ ಅಪ್ಪ ದೇವರ ಹತ್ರ ಹೂವು ಕೇಳಿಸ್ದ! ಕೊನೆಗೆ ಈ ಕೆಲಸಾನೂ ಕೆಡಿಸ್ದೆ. ಯಾಕೋ? ನಾನೇನು ಮಾಡಿದ್ದೆ ನಿಂಗೆ?"

ಅವನು ಬಾಯಿ ತೆರೆದ.

ಫೋನು ಬಂತು. ಅವಳದ್ದು.

ಬೆಂಗಳೂರಿನ ಸೌಂದರ್ಯ ಮೇಡಂ! "ಮೇಡಂ, ಅವರು ಹೇಳಿದ್ದು..." ಎಂದು ಶುರುಮಾಡಿದವಳು ಮಧ್ಯದಲ್ಲೇ ನಿಂತಳು. ಆ ಕಡೆಯ ಹೆಂಗಸು ನಗುತ್ತಿದ್ದಳು.

"ಎಲ್ಲರ ಬಗ್ಗೆಯೂ ಒಂದೇ ಮಾತು ಕೇಳಿ ಸಾಕಾಗಿತ್ತು ತೇಜಶ್ರೀ. ಸೌಮ್ಯ, ವಿಧೇಯ, ಹೇಳಿದ್ದು ಕೇಳ್ತಾರೆ. ನಾವು ಕಳಿಸೋ ಊರಲ್ಲಿ ನಮ್ಮವರು ಅಂತ ಒಬ್ಬರೂ ಇರಲ್ಲ. ಒಬ್ಬಳೇ ಎಲ್ಲಿಗಾದ್ರೂ ಹೋಗ್ತಾಳೆ, ಯಾರಿಗೂ ಹೆದರಲ್ಲ, ತಪ್ಪು ಕಂಡ್ರೆ ಮುಖಕ್ಕೆ ಹೇಳ್ತಾಳೆ ಅಂತ ಅಂದವರು ನಿಮ್ಮ ಸ್ನೇಹಿತರೊಬ್ಬರೇ. ನೀವು ಆಯ್ಕೆಯಾಗಿದ್ದೀರಿ. ಆಮೇಲೆ... ಕೊನೇಲಿ ಅವರು ಹೇಳಿದ್ದು ನಮಗೆ ಅರ್ಥ ಆಗಲಿಲ್ಲ. 'ಅವಳನ್ನ ನಮ್ಮೂರು ಬಿಟ್ಟು ಬೇರೆ ಕಡೆ ಕೊಡೋ ಮನಸ್ಸು ನಮಗಿಲ್ಲ, ಬಿಟ್ಬಿಡಿ ತಾಯಿ' ಅಂದ್ರು. ಅವರು ನಿಮಗೆ ಏನಾಗಬೇಕು?"

ತೇಜಶ್ರೀ ಓಬಳೇಶನನ್ನು ನೋಡಿದಳು.

"ಅದನ್ನ... ಈಗ ಕೇಳ್ತೀನಿ ಮೇಡಂ," ಎಂದು ಫೋನು ಇಟ್ಟಳು.

ಅಜ್ಜಿ ಜಗಿಯುವುದನ್ನು ನಿಲ್ಲಿಸಿದಳು.

"ಕೆಲಸ ಸಿಕ್ತು."

"ಸಿಕ್ತಾ!" ಅವನ ಮುಖ ಅರಳಿತು, ಮರುಗಳಿಗೆಗೆ ಬಾಡಿತು. ಎರಡೂ ಅವಳಿಗೆ ಕಂಡವು.

"ಬೇರೆ ಕಡೆ ಕೊಡೋ ಮನಸ್ಸು ಯಾರಿಗಿಲ್ಲ? ಊರಿಗಾ? ನಿಂಗಾ?"

"ನಂಗೇ ಕಣೇ!" ಓಬಳೇಶ ಕೂಗಿಯೇಬಿಟ್ಟ. "ನೀನು ಓದ್ದೋಳು, ನಾನು ಹತ್ತನೇ ಕ್ಲಾಸಿಗೆ ಬಿಟ್ಟೋನು. ಕೇಳೋಕೆ ಧೈರ್ಯ ಇರ್ಲಿಲ್ಲ. ಕೇಳೋಕೆ ಬರೋರನ್ನ ಓಡ್ಸೋಕೆ ಮಾತ್ರ ಧೈರ್ಯ ಇತ್ತು. ತಪ್ಪಾಯ್ತು. ಬೇಕಾದ್ರೆ ಹೊಡಿ."

ಹೊಡೆಯಬೇಕು ಎಂದೇ ಅನ್ನಿಸಿತು ಅವಳಿಗೆ. ಹುಡುಗಿಯ ಬಾಳು ಇವನ ಗಿರಣಿಯ ಕಲ್ಲೇ, ತನಗಿಷ್ಟ ಬಂದಂತೆ ತಿರುಗಿಸಲು? ಆದರೆ ಆ ಹಿಟ್ಟು ಮೆತ್ತಿದ ಕೆನ್ನೆಯ ಮೇಲೆ ಕಣ್ಣೀರಿನ ಗೆರೆಯೊಂದು ಇಳಿದಿತ್ತು...

"ನಂಗಲ್ಲ. ನಮ್ಮಪ್ಪನ ಮುಂದೆ ಬಂದು ಹೇಳು."

ಹೋದ. ಹಿಟ್ಟಿನ ಮೈಯಲ್ಲೇ ಹೋಗಿ, ಅವಳ ಅಪ್ಪ ದೊಡ್ಡಪಾಲಯ್ಯನ ಮುಂದೆ ನಿಂತು ಎಲ್ಲ ಒಪ್ಪಿಕೊಂಡ. ತೇಜಶ್ರೀಯ ಅವ್ವ ಕೊಲ್ಲಾಪುರಮ್ಮ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಅದು ಮುಗಿದ ಮೇಲೆ ದೊಡ್ಡಪಾಲಯ್ಯ ಅಂದ, "ಲೇ, ನೀನು ಮಾಡಿದ್ದು ಹಲ್ಕಾ ಕೆಲಸ. ಆದ್ರೆ ನನ್ನ ಮಗಳ ಬಾಯಿ ಜೋರು ಅನ್ನೋದು ಸುಳ್ಳಲ್ಲ ಬಿಡು. ಅದು ಅಲ್ಲೆಲ್ಲೋ ಬೆಲೆ ಬಾಳ್ತೈತೆ ಅಂದ್ರೆ ಹೋಗ್ಲಿ ಅವಳು."

ಪಾಸ್‌ಪೋರ್ಟು, ವೀಸಾ ಎಂದು ಮಳೆಗಾಲ ಕಳೆಯಿತು. ಅಷ್ಟು ದಿನವೂ ಅವಳು ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಹಿಟ್ಟು ಬೀಸಿಸಲು ಅವ್ವನನ್ನೇ ಕಳಿಸಿದಳು.

ಹೊರಡುವ ದಿನ ಬೆಳಿಗ್ಗೆ ಅಪ್ಪ, ಅವ್ವ ಸೂಟ್‌ಕೇಸಿನೊಂದಿಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಚಳ್ಳಕೆರೆ ಬಸ್ಸು ಇನ್ನೇನು ಬರುವುದಿತ್ತು. ತೇಜಶ್ರೀ ಗಿರಣಿಯೊಳಕ್ಕೆ ಬಂದಳು.

"ಓಬಳೇಶ, ಹೋಗ್ಬೇಡ ಅಂತೀಯಾ?"

"ಅಂದ್ರೆ ನಿಲ್ತೀಯಾ?"

"ನಿಲ್ತೀನಿ. ಅದಕ್ಕೇ ನಿಂಗೆ ಮೊದ್ಲು ಹೇಳಿರ್ಲಿಲ್ಲ."

ಓಬಳೇಶ ಅವಳನ್ನೇ ನೋಡಿದ. ತುಟಿ ಅದುರಿತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದದ್ದನ್ನು ಅವಳು ಕಂಡಳು.

ಅವನು ಥಟ್ಟನೆ ತಿರುಗಿ ಸ್ವಿಚ್ಚು ಒತ್ತಿದ. ಒಂದು ಕಾಳೂ ಇಲ್ಲದ ಗಿರಣಿ ಗಡಗಡ ಸದ್ದು ಮಾಡಿತು. ಅವನು ಏನಾದರೂ ಅಂದಿದ್ದರೂ ಕೇಳಿಸುತ್ತಿರಲಿಲ್ಲ.

ತೇಜಶ್ರೀ ನಕ್ಕಳು, ಅತ್ತಳು, ಹತ್ತಿರ ಬಂದು ಅವನ ಕಿವಿಗೇ ಕೂಗಿದಳು.

"ಇನ್ಮೇಲೆ ನಿಂಗೆ ಹೆಣ್ಣು ಕೊಡೋರು ಬರ್ತಾರೆ! ಪಾತಮ್ಮಜ್ಜಿಗೆ ಹೇಳಿಟ್ಟಿದೀನಿ!"

"ಏನಂತ?" ಅವನೂ ಅವಳ ಕಿವಿಗೇ ಕೂಗಿದ.

"ಮೂಗಿನ ತುದೀಲೇ ಕೋಪ, ಊರ ತುಂಬಾ ಚಾಡಿ ಹೇಳ್ತಾನೆ, ಇಂಥೋನಿಗೆ ಹೆಣ್ಣು ಕೊಡ್ಬೇಡಿ ಅಂತ!"

"ಎಷ್ಟು ದಿನ ಹೇಳ್ಬೇಕಂತೆ ಅಜ್ಜಿ?"

"ನಾನು ಬರೋ ತಂಕ!"

ಅವನ ಕೆನ್ನೆಯ ಮೇಲೆ ಅಂಗೈ ಇಟ್ಟಳು. ಅಂಗೈ ಬೆಳ್ಳಗಾಯಿತು. ಅದನ್ನು ಒರೆಸಿಕೊಳ್ಳದೆ, ಮುಷ್ಟಿ ಕಟ್ಟಿಕೊಂಡು ಹೊರಗೆ ನಡೆದಳು.

ಬಸ್ಸು ಹಾರನ್ ಹೊಡೆಯಿತು. ಓಬಳೇಶ ಮೋಟಾರು ಆರಿಸಿ ಬಾಗಿಲಿಗೆ ಓಡಿ ಬರುವಷ್ಟರಲ್ಲಿ ರಸ್ತೆಯ ಮೇಲೆ ಧೂಳು ಮಾತ್ರ ಇತ್ತು. ಏನನ್ನೋ ಮರೆತೆನೆಂದಾದರೂ ಅವಳು ಇಳಿದು ಬಂದಾಳೇನೋ ಎಂದು ಅವನು ಅಲ್ಲೇ ನಿಂತ.

ಅವಳು ಏನನ್ನೂ ಮರೆತಿರಲಿಲ್ಲ.