ಮೋಟಾರಿಲ್ಲದ ಗರಗಸ

ಬಾಶೆಟ್ಟಿಹಳ್ಳಿಯ ನಮ್ಮ ಮರಗೆಲಸದ ಶೆಡ್ಡಿಗೆ ಹೊಸ ಗರಗಸದ ಮೆಷಿನ್ ಬಂದಮೇಲೆ ಹಳೆಯದನ್ನು ಕೊಳ್ಳಲು ಬಂದವನು ಅಮರ್. ಕೆಲಸ ಬೇಗ ಸಾಗಲೆಂದು ಅದರ ಬ್ಲೇಡಿನ ಕವಚ ತೆಗೆಸಿದ್ದ ಅಣ್ಣನ ಆಗಿನ ಪಾಲುದಾರ ಅವನೇ. ಅಣ್ಣ ಸತ್ತಿದ್ದು ಆ ಬ್ಲೇಡಿಗೆ. ಮಾರುವುದಿಲ್ಲ ಎನ್ನಲು ನಾನು ಬಾಯಿ ತೆರೆದಿದ್ದೆ.

"ಅವ್ರಿಗೇ ಕೊಡಪ್ಪ," ಎಂದು ಅತ್ತಿಗೆ, ಮೋಟಾರು ಬಿಚ್ಚಿಟ್ಟಿದ್ದ ಮೆಷಿನ್ನಿಗೆ ಕುಂಕುಮ ಇಟ್ಟರು.

ನಾನು ಬ್ಲೇಡು ಮುಟ್ಟಿದೆ. ತಿಂಗಳಿಂದ ಓಡದಿದ್ದರೂ ಬಿಸಿಯಾಗಿತ್ತು.

"ಮೋಟಾರಿಲ್ದೆ ಕೈಯಲ್ಲಿ ತಿರುಗಿಸ್ಲಾ?" ಅಮರ್ ನಕ್ಕ.

"ಮೋಟಾರ್ ಇಲ್ಲೇ ಇರ್ಲಿ. ಬೇರೆ ಹಾಕ್ಸ್ಕೊಳ್ಳಿ," ಎಂದರು ಅತ್ತಿಗೆ.

ಮೆಷಿನ್ ಒಯ್ದ ಸಂಜೆಯೇ ಅವನ ಫೋನ್ ಬಂತು. ಹಿಂದೆ ಮರ ಕೊಯ್ಯುವ ಸದ್ದು.

"ಮೋಟಾರ್ ಇನ್ನೂ ಹಾಕ್ಸೇ ಇಲ್ಲ ಗುರು. ಇದ್ನ ನಿಲ್ಸೋದು ಹೆಂಗೆ?"

ಅತ್ತಿಗೆ ಫೋನ್ ಇಸಿದುಕೊಂಡು, ಸದ್ದು ನಿಲ್ಲುವವರೆಗೂ ಸುಮ್ಮನೆ ಕೇಳಿಸಿಕೊಂಡರು.

ವೈರು ಸುತ್ತಿ ಮೂಲೆಗಿಟ್ಟಿದ್ದ ನಮ್ಮ ಮೋಟಾರನ್ನು ಮುಟ್ಟಿದೆ. ಕೈ ಸುಟ್ಟಿತು.