ಸರದಿ ತಪ್ಪಿಸಿದಾಕೆ

"ಗನ್ನಿಗೆ ಕೈ ಹಚ್ಚಬ್ಯಾಡ್ರಿ ಅಂದೆ!"

ಮಹಾದೇವಿ ಕೂಗಿದ ರಭಸಕ್ಕೆ ಕ್ಯಾಬ್ ಡ್ರೈವರ್ ಸಿದ್ರಾಮ ಬೆಚ್ಚಿಬಿದ್ದ.

2019ರ ಬೇಸಿಗೆ. ಪೀಣ್ಯದ ಆ ಎಲೆಕ್ಟ್ರಿಕ್ ಕಾರುಗಳ ಚಾರ್ಜಿಂಗ್ ಸ್ಟೇಷನ್ನಿಗೆ ಅವಳೇ ಆಪರೇಟರ್. ಬ್ಯಾಟರಿ ಎಂಬತ್ತು ಪರ್ಸೆಂಟ್ ದಾಟಿದರೆ ಫಾಸ್ಟ್ ಚಾರ್ಜರ್ ಕೂಡ ಆಮೆಯಾಗುತ್ತೆ. ಅದಕ್ಕೇ ಅಲ್ಲಿಗೆ ಚಾರ್ಜಿಂಗ್ ಗನ್ ತೆಗೆದು ಮುಂದಿನ ಗಾಡಿಗೆ ಹಾಕಬೇಕು. ಸರದಿ ಅಂದರೆ ಸರದಿ. ಇವನೋ, ಅವಳು ತೆಗೆದ ಗನ್ನನ್ನು ಮತ್ತೆ ಸಿಕ್ಕಿಸಲು ಹೊರಟಿದ್ದ!

"ಏರ್‌ಪೋರ್ಟಿಗೆ ಹೋಗಿ ಬರ್ಬೇಕ್ರೀ ಅಕ್ಕಾರ..."

"ಅಕ್ಕ ಯಾಕಂತೀರಿ? ನಿಮಗಿಂತ ಸಣ್ಣಾಕಿ ಅದೀನಿ!"

ಬೈಗುಳ ತಿಂದೂ ಅವನ ಮುಖ ಅರಳಿತು. "ಅರೇ, ನೀವೂ ನಮ್ಮ ಕಡಿಯವರ ಅದೀರಲ್ಲ!"

ಅಷ್ಟೇ ಸಾಕಾಯಿತು ನೋಡಿ. ಆಮೇಲೆ ದಿನಾ ಅವನ ಗಾಡಿ ಅಲ್ಲೇ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಇಬ್ಬರಿಗೂ ಒಂದೇ ಡಬ್ಬಿ. ಮಹಾದೇವಿ ತನ್ನ ಭಯವನ್ನೂ ಹೇಳಿಕೊಂಡಳು. ಈ ಕೆಲಸ ಹೋದರೆ ಊರಿಗೆ ಕರೆಸಿ ಸೋದರಮಾವನಿಗೆ ಕಟ್ಟುತ್ತಾರೆ!

ಒಂದು ಮಧ್ಯಾಹ್ನ ಸಿದ್ರಾಮ ಬ್ಯಾಟರಿ ಪೂರಾ ಇಳಿದ ಗಾಡಿ ತಂದ. ಹಿರಿಯ ಡ್ರೈವರ್ ಅಮರಪ್ಪ ತನ್ನ ಗಾಡಿ ಚಾರ್ಜಿಗೆ ಹಾಕಿ ಟೀ ಕುಡಿಯಲು ಹೋಗಿದ್ದ. ಸಿದ್ರಾಮ ಬೇಡವೆಂದರೂ ಕೇಳದೆ, ಮಹಾದೇವಿ ಅರ್ಧಕ್ಕೇ ಆ ಗನ್ ಕಿತ್ತು ಇವನ ಗಾಡಿಗೆ ಸಿಕ್ಕಿಸಿಬಿಟ್ಟಳು. ಅಲ್ಲಾ, ಸರದಿ ಕಾಯೋಳೇ ಸರದಿ ತಪ್ಪಿಸಿದರೆ ಹೇಗೆ?

ಅಮರಪ್ಪ ಬಂದು ರಂಪ ಮಾಡಿದ. ಮ್ಯಾನೇಜರ್ ಪಂಚಾಕ್ಷರಿ ಇಬ್ಬರು ಡ್ರೈವರುಗಳನ್ನೂ ಒಳಗೆ ಕರೆದರು. ಹೊರಬಂದ ಸಿದ್ರಾಮ ಅವಳ ಕಡೆ ತಿರುಗಿಯೂ ನೋಡದೆ ಹೊರಟುಹೋದ.

ಮರುದಿನ ಬರಲಿಲ್ಲ. ವಾರವಾದರೂ ಇಲ್ಲ. ಫೋನ್ ಎತ್ತಲಿಲ್ಲ. ಒಮ್ಮೆ ಸ್ಟೇಷನ್ ಮುಂದೆಯೇ ಹಾದುಹೋದ, ಗಾಡಿ ನಿಲ್ಲಿಸಲಿಲ್ಲ!

'ಚಾರ್ಜ್ ಬೇಕಿತ್ತು, ಅದಕ್ಕೇ ನಕ್ಕ... ನಂಬಿದ ನಾನೆಂಥ ಹುಚ್ಚಿ!'

ಡಬ್ಬಿ ತೆರೆದವಳು ರೊಟ್ಟಿ ಮುರಿಯದೆ ಹಾಗೇ ಮುಚ್ಚಿಡುತ್ತಿದ್ದಳು. ಅವಳ ಮುಖ ನೋಡಲಾರದೆ ಕೊನೆಗೆ ಅಮರಪ್ಪನೇ ಬಾಯಿಬಿಟ್ಟ.

"ತಂಗೀ, ಅವನ್ನ ಬೈಬ್ಯಾಡವ್ವಾ. ಗನ್ ಕಿತ್ತಾಂವ ತಾನ ಅಂತ ಸಾಹೇಬರ ಮುಂದ ಸುಳ್ಳ ಹೇಳಿದ. ಅವನ ಚಾರ್ಜಿಂಗ್ ಕಾರ್ಡ್ ಬಂದ್ ಮಾಡ್ಯಾರ. ಈಗ ರಾಜಗೋಪಾಲನಗರದಾಗ ಬಾಡಿಗಿ ಮನಿಯಿಂದ ವೈರ್ ಎಳದು ಚಾರ್ಜ್ ಮಾಡ್ತಾನ, ಅರ್ಧ ದಿನ ಅದಕ್ಕ ಹೋಗ್ತೈತಿ. ನಿನಗ ಗೊತ್ತಾದ್ರ ಖರೇ ಹೇಳಿ ನೌಕರಿ ಕಳ್ಕೋತೀ ಅಂತ ಅಂಜಿ ದೂರ ಉಳದಾನ."

ಮಹಾದೇವಿ ಡಬ್ಬಿ ಪಕ್ಕಕ್ಕೆ ಸರಿಸಿದಳು. ಸುಮ್ಮನಿದ್ದರೆ ಕೆಲಸ ಉಳಿಯುತ್ತೆ... ಆದರೆ ಅವನ ಹೊಟ್ಟೆಪಾಡು?

ನೆಟ್ಟಗೆ ಹೋಗಿ ಪಂಚಾಕ್ಷರಿಯವರ ಎದುರು ನಿಂತಳು.

"ಸಾರ್, ಗನ್ ಕಿತ್ತಾಕಿ ನಾನು. ಅವರ ಕಾರ್ಡ್ ಚಾಲೂ ಮಾಡ್ರಿ."

ಅವರು ನಿಟ್ಟುಸಿರಿಟ್ಟರು. "ಕಾರ್ಡ್ ಇವತ್ತೇ ಬಿಡ್ತೀನಿ. ಆದ್ರೆ ನಿನ್ನ ಇಟ್ಕೊಳ್ಳೋಕಾಗಲ್ಲಮ್ಮ."

ಸಂಜೆ ರಾಜಗೋಪಾಲನಗರದ ಓಣಿಯಲ್ಲಿ ಅವಳನ್ನು ಕಂಡು ಸಿದ್ರಾಮ ಗಾಡಿ ಪಕ್ಕದಿಂದ ದಡಬಡಿಸಿ ಎದ್ದ.

"ಎಲ್ಲಾ ಹೇಳಿ ಬಂದೆ. ನೌಕರಿ ಹೋತು."

"ಹುಚ್ಚಿ! ಇದಕ್ಕಂತನ ನಾ ಸುಳ್ಳ ಹೇಳಿದ್ದು... ಈಗ ಊರಿಗೆ ಹೋಗಬೇಕಲ್ಲ!"

"ಹೋಗ್ತೀನಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಒಬ್ಬಾಕಿನ ಹೋದ್ರ ಮಾವಗ ಕಟ್ತಾರ. ನೀ ಜೋಡಿ ಬಂದು ನಮ್ಮವ್ವನ ಕೇಳ್ತೀಯೇನು?"

ಅವನ ಕಣ್ಣು ತುಂಬಿತು. "ಏನಂತ ಕೇಳಲಿ?"

"ಮೊದಲ ನನಗ ಹೇಳು."

ಅವನು ತಲೆ ತಗ್ಗಿಸಿದ. "ನಿನ್ನ ಬಿಟ್ಟು ಇರಾಕ ಆಗೂದಿಲ್ಲ ಮಾದೇವಿ... ಈ ಒಂದು ವಾರನ ಆಗ್ಲಿಲ್ಲ."

ಅವಳು ಅಳುತ್ತಲೇ ನಕ್ಕಳು.

"ಹಿಂಗ... ಅವ್ವನ ಮುಂದನೂ ಹಿಂಗ ಹೇಳು. ತಲಿ ಮಾತ್ರ ತಗ್ಗಿಸಬ್ಯಾಡ."